ಸೊಂಟನೋವಿಗೆ ನೇರವಾಗಿ ಫಿಸಿಯೋ ಹತ್ತಿರ ಹೋಗಬಹುದಾ?

ಎರಡು ವಾರದಿಂದ ಸೊಂಟ ಹಿಡಿದುಕೊಂಡಿದೆ, ಡಾಕ್ಟರಿಗೆ ತೋರಿಸದೆ ನೇರವಾಗಿ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಕೆಲವು ಕಡೆ ಮಾತ್ರ ಡಾಕ್ಟರ ಚೀಟಿ ಕೇಳುತ್ತಾರೆ. ಒಳ್ಳೆಯ ಫಿಸಿಯೋ ವ್ಯಾಯಾಮ ಹೇಳಿಕೊಡುವ ಮುಂಚೆ ಚೆನ್ನಾಗಿ ಪರೀಕ್ಷೆ ಮಾಡುತ್ತಾರೆ. ಹಿಮ್ಮಡಿ ಮೇಲೆ, ತುದಿಗಾಲಲ್ಲಿ ನಡೆಸಿ ನೋಡುತ್ತಾರೆ. ಮಲಗಿಸಿ, ಮಂಡಿ ಮಡಿಸದೆ ಒಂದೊಂದೇ ಕಾಲು ಎತ್ತುತ್ತಾರೆ. ಮಂಡಿ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾರೆ. ನರ ಒತ್ತಿಕೊಂಡಿದೆಯಾ ಅನ್ನುವ ಸುಳಿವು ಇಷ್ಟರಲ್ಲೇ ಸಿಗುತ್ತದೆ. ಸುಮ್ನೆ ಎಂಆರ್‌ಐ ಮಾಡಿಸಬೇಡಿ. ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಎಷ್ಟೋ ಸಲ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿರುತ್ತದೆ, ನೋಡಿದರೆ ಹೆದರಿಕೆ ಜಾಸ್ತಿ ಆಗುತ್ತದೆ ಅಷ್ಟೆ. ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ ಮಾತ್ರ ಮೊದಲು ಡಾಕ್ಟರ್. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲಿನ ಬಲ ಕುಗ್ಗುತ್ತಾ ಬಂದರೆ ಯಾರಿಗೂ ಕಾಯಬೇಡಿ, ತಕ್ಷಣ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.