ಹಳೆಯ ಫೈಬರ್ ದೋಣಿಯ ಟ್ರಾನ್ಸಮ್ ಮೆತ್ತಗಾಗಿದೆ, ಮೇಲೊಂದು ಪದರ ಹಚ್ಚಿದರೆ ಸಾಕಾ?

ಗೊರೂರಿನ ಹಿನ್ನೀರಿನಲ್ಲಿ ಓಡಿಸುವ ದೋಣಿ ಅಂದಿದ್ದೀರಿ. ಸುಮ್ನೆ ಪದರ ಹಚ್ಚಿದರೆ ದುಡ್ಡು ದಂಡ. ಟ್ರಾನ್ಸಮ್, ಅಂದರೆ ಎಂಜಿನ್ ಕೂರುವ ಹಿಂಬದಿ ಹಲಗೆಯ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತುಗಳಿಂದ ನೀರಿಳಿದು ಅದು ಕೊಳೆಯುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ, ಕೊಳೆತ ಕಡೆ ಮಂಕಾಗಿ ದಪ್ ಅನ್ನುತ್ತದೆ.

ಒಳಗಿನ ಫೈಬರ್ ಹೊದಿಕೆ ಕತ್ತರಿಸಿ ಹಸಿ ಮರವನ್ನೆಲ್ಲ ಕೆತ್ತಿ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ, ಐಎಸ್ 710 ಗುರುತಿನ ಮರೈನ್ ಪ್ಲೈಯನ್ನು (ನೀರು ತಡೆಯುವ ಪ್ಲೈವುಡ್) ಹಳೆಯ ದಪ್ಪಕ್ಕೇ ಎಪಾಕ್ಸಿ ಅಂಟಿನಲ್ಲಿ ಅಂಟಿಸಿ, ಅಂಚುಗಳನ್ನು ಗ್ಲಾಸ್ ಫೈಬರ್ ಬಟ್ಟೆಯಿಂದ ದೋಣಿಯ ಮೈಗೆ ಬೆಸೆಯಿರಿ. ಬೋಲ್ಟಿನ ತೂತನ್ನು ಮೊದಲು ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಕೊರೆಯಿರಿ. ಜಾಸ್ತಿ ಜನ ತಪ್ಪುವುದು ಇಲ್ಲೇ. ನಮ್ಮ ಹಾಸನದ ಮಳೆಗಾಲದಲ್ಲಿ ಬಟ್ಟೆಯೇ ಒಣಗಲ್ಲ, ಅಲ್ವಾ? ಕೆಲಸವನ್ನು ಫೆಬ್ರವರಿಗೆ ಇಟ್ಟುಕೊಳ್ಳಿ.