ಚಕ್ಕುಲಿಯ ಹಣ, ಜಿಂಬಾಬ್ವೆಯ ಶಾಲೆ

ಪ್ರಶ್ನೆ: ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರುವ ನನ್ನ ಮಗಳು ದೀಪಾವಳಿಯ ಸಮಯದಲ್ಲಿ ಗೆಳತಿಯರೊಡನೆ ಚಕ್ಕುಲಿ, ಕೋಡುಬಳೆ ಮಾರಿ, ಬಂದ ಹಣವನ್ನು ಜಿಂಬಾಬ್ವೆಯ ಹೆಣ್ಣುಮಕ್ಕಳ ಓದಿಗೆ ಕೊಡಬೇಕೆಂದಿದ್ದಾಳೆ. ‘ಹೆತ್ತವರಿಗೇ ಬೇಡದ ಓದಿಗೆ ಇವರ ಪುಡಿಗಾಸು ಯಾವ ಮೂಲೆಗೆ?’ ಎನ್ನುತ್ತಾರೆ ಮನೆಯ ಹಿರಿಯರು. ನಾನೂ ಇಲ್ಲಿಂದ ಹಣ ಕಳುಹಿಸಿದರೆ ತೆರಿಗೆ ವಿನಾಯಿತಿ ಸಿಗುತ್ತದೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಹೆಣ್ಣುಮಕ್ಕಳು ಶಾಲೆಗೆ ಏಕೆ ಬರುತ್ತಿಲ್ಲವೆಂದು ತಿಳಿಯಲು, ಮುಂದೆ ಅವರ ಓದಿಗಾಗಿ ಕ್ಯಾಮ್‌ಫೆಡ್ ಎಂಬ ಸಂಸ್ಥೆ ಕಟ್ಟಿದ ಆನ್ ಕಾಟನ್ ಎಂಬುವರು 1991ರಲ್ಲಿ ಜಿಂಬಾಬ್ವೆಯ ಮೋಲಾ ಎಂಬಲ್ಲಿಗೆ ಹೋಗಿದ್ದರು. ಕರೀಬಾ ಅಣೆಕಟ್ಟಿಗಾಗಿ ಜಾಂಬೆಜಿ ಕಣಿವೆಯಿಂದ ಎತ್ತಂಗಡಿಯಾದ ಟೋಂಗಾ ಜನರ ಪ್ರದೇಶವದು. ಮುಳುಗಡೆಯೆಂದರೇನೆಂದು ಸಾಗರದವರಿಗೆ ನಾನು ವಿವರಿಸಬೇಕಾಗಿಲ್ಲ. ಸಂಪ್ರದಾಯವೇ ಹೆಣ್ಣುಮಕ್ಕಳಿಗೆ ಅಡ್ಡಿಯೆಂಬ ಊಹೆ ಆಗ ಬಲವಾಗಿತ್ತು. ಆದರೆ ಅಲ್ಲಿ ಅವರಿಗೆ ಕಂಡದ್ದು ಬಡತನ: ಕೈಯಲ್ಲಿರುವ ಹಣ ಒಂದು ಮಗುವಿನ ಶುಲ್ಕಕ್ಕಷ್ಟೇ ಸಾಲುವಾಗ, ಮುಂದೆ ಸಂಬಳದ ಕೆಲಸ ಸಿಗುವ ಸಂಭವ ಹೆಚ್ಚಿರುವ ಮಗನನ್ನು ಶಾಲೆಗೆ ಕಳುಹಿಸಿ, ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಿದ್ದರು. ಇದನ್ನು ಓದು ಬೇಡವೆನ್ನುವ ಮನಸ್ಸೆಂದು ಕರೆಯುವುದು ಆ ತಂದೆತಾಯಿಗಳಿಗೆ ಮಾಡುವ ಅನ್ಯಾಯ.

ಇನ್ನು ಪುಡಿಗಾಸಿನ ಮಾತು. ಊರಿಗೆ ಮರಳಿದ ಕಾಟನ್ ಹಣಕ್ಕಾಗಿ ಮಾಡಿದ ಮೊದಲ ಕೆಲಸಗಳಲ್ಲೊಂದು ಕೇಕ್ ಮಾರಿದ್ದು, ಅದೂ ನಿಮ್ಮ ಮಗಳಿರುವ ಕೇಂಬ್ರಿಡ್ಜ್‌ನಲ್ಲಿಯೇ. ಆರಂಭದಲ್ಲಿ ನೆರವು ದೊರೆತದ್ದು 32 ಹುಡುಗಿಯರಿಗೆ. 1993ರಲ್ಲಿ ಸ್ಥಾಪನೆಯಾದ ಅವರ ಕ್ಯಾಮ್‌ಫೆಡ್ ಸಂಸ್ಥೆ ಇಂದು ಜಿಂಬಾಬ್ವೆಯಲ್ಲದೆ ಜಾಂಬಿಯಾ, ಘಾನಾ, ಟಾಂಜಾನಿಯಾ, ಮಲಾವಿಗಳಲ್ಲಿಯೂ ಕೆಲಸ ಮಾಡುತ್ತಿದೆ.

ನನ್ನ ಆತಂಕ ಬೇರೆಯದು. ಶುಲ್ಕವೊಂದನ್ನು ಕಟ್ಟಿದ ಮಾತ್ರಕ್ಕೆ ಹುಡುಗಿ ಶಾಲೆಯಲ್ಲಿ ಉಳಿಯುವುದಿಲ್ಲ. ಸಮವಸ್ತ್ರ, ಶೂ, ನೋಟುಪುಸ್ತಕ, ಮುಟ್ಟಿನ ದಿನಗಳ ಪ್ಯಾಡ್, ಶಾಲೆ ದೂರವಿದ್ದರೆ ಉಳಿದುಕೊಳ್ಳುವ ಖರ್ಚು, ಕೊನೆಗೆ ಓ ಲೆವೆಲ್ ಪರೀಕ್ಷೆಗೆ ವಿಷಯವೊಂದಕ್ಕೆ ಇಂತಿಷ್ಟೆಂದು ಕಟ್ಟುವ ಹಣ, ಇವೆಲ್ಲ ಸೇರುತ್ತವೆ. ಜಿಂಬಾಬ್ವೆಯಲ್ಲಿ ಆ ಪರೀಕ್ಷೆ ಬರುವುದು ಪ್ರೌಢಶಾಲೆಯ ನಾಲ್ಕನೆಯ ವರ್ಷದಲ್ಲಿ. ಒಂದು ದೀಪಾವಳಿಯ ಉತ್ಸಾಹದಲ್ಲಿ ಒಬ್ಬ ಹುಡುಗಿಯನ್ನು ‘ದತ್ತು’ ತೆಗೆದುಕೊಂಡು, ಮರುವರ್ಷ ಗೆಳತಿಯರು ಚದುರಿಹೋದಾಗ ಅವಳನ್ನು ನಡುದಾರಿಯಲ್ಲಿ ಬಿಡುವುದಕ್ಕಿಂತ, ಹಲವರ ಹಣವನ್ನು ಕೂಡಿಸಿ ನಾಲ್ಕು ವರ್ಷವೂ ಜೊತೆಗಿರಬಲ್ಲ ಸಂಸ್ಥೆಯ ಸಾಮಾನ್ಯ ನಿಧಿಗೆ ಕೊಡುವುದು ಲೇಸು. ಹುಡುಗಿಯ ಫೋಟೊ, ಧನ್ಯವಾದದ ಪತ್ರ ಬರಲಿಲ್ಲವೆಂದು ಬೇಸರಿಸಬೇಡಿ. ಓದುವ ಮಗುವಿಗೆ ಆ ಋಣಭಾರ ಬೇಕಾಗಿಯೂ ಇಲ್ಲ.

ತೆರಿಗೆಯ ವಿಷಯ: 80ಜಿ ಎಂದು ಹೆಸರಾದ, ದಾನಕ್ಕೆ ಸಿಗುವ ನಮ್ಮ ಆದಾಯ ತೆರಿಗೆ ವಿನಾಯಿತಿ ಭಾರತದಲ್ಲಿ ಸ್ಥಾಪಿತವಾದ, ಮಾನ್ಯತೆ ಪಡೆದ ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ಮಾತ್ರ. ಬ್ಯಾಂಕಿನ ಮೂಲಕ ಹೊರದೇಶಕ್ಕೆ ದಾನ ಕಳುಹಿಸಲು ಅವಕಾಶವಿದೆಯಾದರೂ, ಈ ವಿನಾಯಿತಿ ನಿಮಗೆ ಸಿಗದು. ಆದರೆ ಮಗಳಿರುವ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ‘ಗಿಫ್ಟ್ ಏಡ್’ ಎಂಬ ಘೋಷಣೆಗೆ ಸಹಿ ಹಾಕಿ ದಾನ ಕೊಟ್ಟರೆ, ಪ್ರತಿ ಪೌಂಡಿಗೆ 25 ಪೆನ್ಸ್‌ನಂತೆ ಸರ್ಕಾರದಿಂದ ಸಂಸ್ಥೆಗೆ ಹೆಚ್ಚುವರಿಯಾಗಿ ಸಿಗುತ್ತದೆ. ಚಕ್ಕುಲಿಯ ಬೆಲೆ ಮಾತ್ರ ದಾನವಲ್ಲ, ವ್ಯಾಪಾರ. ಅದಕ್ಕೆ ಈ ಲಾಭವಿಲ್ಲ. ಆದ್ದರಿಂದ ಮಾರಾಟದ ಹಣಕ್ಕೊಂದು ಡಬ್ಬಿ, ದಾನಕ್ಕೆ ಫಾರಂ ಸಹಿತ ಇನ್ನೊಂದು ಡಬ್ಬಿ ಇಡಲು ಹೇಳಿ. ಹಾಗೆಯೇ ಚಕ್ಕುಲಿಯಲ್ಲಿ ಎಳ್ಳಿದೆಯೆಂದು ದೊಡ್ಡ ಅಕ್ಷರದಲ್ಲಿ ಬರೆದಿಡಲಿ. ಬ್ರಿಟನ್ನಿನ ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿ ಎಳ್ಳೂ ಸೇರಿದೆ.