ನಂಬರ್ ಕೊಟ್ಟರೆ ಹೆಸರು ಕೊಟ್ಟ ಹಾಗೇ

ಪ್ರಶ್ನೆ: ನಮ್ಮ ಸರ್ಕಾರಿ ಕಚೇರಿಯ ಟೆಂಡರ್ ಒಂದರಲ್ಲಿ ಗೋಲ್‌ಮಾಲ್ ಆಗಿದೆ. ಪತ್ರಕರ್ತರೊಬ್ಬರಿಗೆ ತಿಳಿಸಬೇಕು, ಆದರೆ ನನ್ನ ಹೆಸರು ಹೊರಬರಬಾರದು. ವಾಟ್ಸಾಪ್ ಎನ್‌ಕ್ರಿಪ್ಟ್ ಆಗಿದೆಯಲ್ಲ, ಅದೇ ಸಾಕಾ? ಗೆಳೆಯರು ಟೆಲಿಗ್ರಾಂ ವಾಸಿ ಅನ್ನುತ್ತಾರೆ.
– ಹೆಸರು, ಊರು ಎರಡೂ ಬೇಡ

ಉತ್ತರ: ಸಾಲದು. ಎನ್‌ಕ್ರಿಪ್ಶನ್ ಮುಚ್ಚಿಡುವುದು ನೀವು ಬರೆದದ್ದನ್ನು. ಬರೆದವರು ಯಾರು ಅನ್ನುವುದನ್ನಲ್ಲ. ವಾಟ್ಸಾಪ್‌ಗೆ ಮೊಬೈಲ್ ನಂಬರ್ ಬೇಕು, ನಮ್ಮಲ್ಲಿ ಸಿಮ್‌ಗೆ ಗುರುತಿನ ದಾಖಲೆ ಬೇಕು. ಅಲ್ಲಿಗೆ ನಿಮ್ಮ ಹೆಸರು ಸಿಕ್ಕಂತೆಯೇ ಅಲ್ವಾ?

ಟೆಲಿಗ್ರಾಂ ಬಗ್ಗೆ ಜನರಿಗೆ ಯಾಕಿಷ್ಟು ನಂಬಿಕೆಯೋ ಗೊತ್ತಿಲ್ಲ. ಅಲ್ಲಿನ ಮಾಮೂಲಿ ಚಾಟ್‌ಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ (ಆಪ್ ಕಂಪನಿಗೂ ಓದಲಾಗದಂಥ ಬೀಗ) ಇಲ್ಲ, ‘ಸೀಕ್ರೆಟ್ ಚಾಟ್’ಗೆ ಮಾತ್ರ. 2022ರಲ್ಲಿ ಕೋಚಿಂಗ್ ಪಾಠಗಳ ಕಾಪಿರೈಟ್ ಕೇಸೊಂದರಲ್ಲಿ ದೆಹಲಿ ಹೈಕೋರ್ಟ್ ಹೇಳಿದ ಮೇಲೆ ಅದು ಚಾನೆಲ್ ಅಡ್ಮಿನ್‌ಗಳ ಹೆಸರು, ನಂಬರ್, ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತು) ಎಲ್ಲ ಕೊಟ್ಟಿತು.

ನನ್ನ ಆಯ್ಕೆ ಸಿಗ್ನಲ್ ಅನ್ನುವ ಮೆಸೇಜ್ ಆಪ್. ಖಾತೆ ತೆರೆಯಲು ಅದಕ್ಕೂ ನಂಬರ್ ಬೇಕು, ನಿಜ. ಆದರೆ 2024ರಿಂದ ಯೂಸರ್‌ನೇಮ್ ಇಟ್ಟುಕೊಳ್ಳಬಹುದು. ನಂಬರ್ ಎದುರಿನವರಿಗೆ ಕಾಣುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ, ನಂಬರ್ ಹಾಕಿ ನಿಮ್ಮನ್ನು ಹುಡುಕುವ ದಾರಿಯನ್ನೂ ಮುಚ್ಚಿಬಿಡಿ. 2016ರಲ್ಲಿ ಅಮೆರಿಕದ ಕೋರ್ಟೊಂದರ ನೋಟಿಸ್ ಬಂದಾಗ ಸಿಗ್ನಲ್ ಕೊಡಲು ಸಾಧ್ಯವಾದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಸಲ ಬಳಸಿದ ದಿನ. ಬೇರೇನೂ ಅದರ ಹತ್ತಿರ ಇರಲೇ ಇಲ್ಲ.

ನಂಬರನ್ನೇ ಕೇಳದ ತ್ರೀಮಾ, ಬ್ರಯರ್‌ನಂಥ ಆಪ್‌ಗಳೂ ಇವೆ. ಇವೆರಡನ್ನೂ 2023ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹನ್ನೆರಡು ಆಪ್‌ಗಳ ಜೊತೆ ನಿರ್ಬಂಧಿಸಿತು.

ಇಷ್ಟಾದರೂ ಜಾಸ್ತಿ ಜನ ಸಿಕ್ಕಿಬೀಳುವುದು ಆಪ್‌ನಿಂದಲ್ಲ. 2017ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯ ದಾಖಲೆಯೊಂದನ್ನು ಸುದ್ದಿಸಂಸ್ಥೆಗೆ ಕಳಿಸಿದ, ರಿಯಾಲಿಟಿ ವಿನ್ನರ್ ಎಂಬ ಹೆಸರಿನ ಗುತ್ತಿಗೆ ಉದ್ಯೋಗಿ ಅದನ್ನು ಅಂಚೆಯಲ್ಲೇ ಹಾಕಿದ್ದರು. ತನಿಖೆಯವರು ಆ ದಾಖಲೆಯ ಪ್ರಿಂಟ್ ತೆಗೆದವರು ಯಾರೆಂದು ನೋಡಿದರು. ಆರೇ ಜನ. ಅವರಲ್ಲಿ ಕಚೇರಿ ಕಂಪ್ಯೂಟರಿಂದ ಅದೇ ಸುದ್ದಿಸಂಸ್ಥೆಗೆ ಹಿಂದೆ ಇಮೇಲ್ ಮಾಡಿದ್ದವರು ವಿನ್ನರ್ ಒಬ್ಬರೇ.

ಹಾಗಾಗಿ ಕಚೇರಿಯ ವೈಫೈ, ಪ್ರಿಂಟರ್, ಫೋನ್ ಯಾವುದನ್ನೂ ಇದಕ್ಕೆ ಬಳಸಬೇಡಿ. ಆ ಫೈಲ್ ನೋಡಿದವರು ನಿಮ್ಮನ್ನೂ ಸೇರಿಸಿ ಮೂರ್ನಾಲ್ಕೇ ಜನ ಇದ್ದರೆ ಫೋಟೋ ಕಳಿಸಲೇಬೇಡಿ. ಟೆಂಡರ್ ಯಾವುದು, ಯಾವ ತಿಂಗಳದು ಅಂತ ಹೇಳಿ ಸಾಕು. ಕಾಗದಗಳನ್ನು ಪತ್ರಕರ್ತರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತಾವೇ ಕೇಳಲಿ.